ಜೀನ್ಸಿನ ಉಡಿ

ಬೈಲಹೊಂಗಲ
೧೪-೧೧-೨೦೨೪

ಚಿ. ಸೌ. ಶೀತಲಳಿಗೆ ನಿನ್ನ ಅವ್ವನ ಆಶೀರ್ವಾದಗಳು. ಗಂಡನ ಮನೆ ಬಿಟ್ಟು ಬಂದವಳಿಗೆ ‘ಸೌ.’ ಎಂದು ಬರೆಯಬಹುದೋ ಬಾರದೋ, ನಾನು ಯಾರನ್ನೂ ಕೇಳಿಲ್ಲ. ಬರೆದಿದ್ದೇನೆ.

ಪತ್ರ ತಡವಾಯಿತು, ಸಿಟ್ಟಾಗಬೇಡ. ದೀಪಾವಳಿಯ ಬ್ಲೌಸುಗಳ ಗದ್ದಲ ಮುಗಿದ ಮೇಲೆಯೇ ಹೊಲಿಗೆ ಮಷಿನ್ ನನ್ನ ಸ್ವಂತ ಕೆಲಸಕ್ಕೆ ಸಿಕ್ಕಿದ್ದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಇರ್ಲಿ ಬಿಡಬೇ" ಎನ್ನುತ್ತೀ, ನಾನು ಬಿಟ್ಟುಬಿಡುತ್ತೇನೆ. ಈ ಸಲ ಬಿಡುವುದಿಲ್ಲ.

ಹೋದ ತಿಂಗಳು ಸಂಗೊಳ್ಳಿಯಲ್ಲಿ ನಿನ್ನ ದೊಡ್ಡಪ್ಪನ ಹೊಸ ಮನೆಯ ವಾಸ್ತುಶಾಂತಿ ನಡೆಯಿತಲ್ಲ, ಮನೆಯ ಹೆಣ್ಣುಮಕ್ಕಳಿಗೆಲ್ಲ ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿದರು. ನಿನ್ನ ಸರದಿ ಬಂದಾಗ ನೀನು ಸೆರಗು ಒಡ್ಡಿ ನಿಂತಿದ್ದೆ. ನಿನ್ನ ದೊಡ್ಡವ್ವ ರಾಮವ್ವ ಅಕ್ಕಿಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. "ಗಂಡನ ಬಿಟ್ಟ ಬಂದಾಕಿಗೆ ಎಂಥಾ ಉಡಿ?" ಎಂದಳು, ಎಲ್ಲರ ಮುಂದೆ. ನೀನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಂಕ್ತಿಗೆ ಹೋಳಿಗೆ ಬಡಿಸಿ, ಕೆಲಸಕ್ಕೆಂದು ಸವದತ್ತಿಯ ಬಸ್ಸು ಹತ್ತಿದೆ.

ಆಮೇಲೆ ರಾಮದುರ್ಗದಿಂದ ನಿನ್ನ ಅತ್ತೆ ನಿನ್ನ ಟ್ರಂಕು ಕಳಿಸಿದಳು. ಎಲ್ಲಕ್ಕಿಂತ ಮೇಲೆ ನಿನ್ನ ಕಾಲೇಜಿನ ಜೀನ್ಸ್, ಬೇಕೆಂದೇ ಇಟ್ಟಿದ್ದು. "ಪ್ಯಾಂಟ್ ಹಾಕ್ಕೊಳ್ಳಾಕಿ ಸಂಸಾರ ಮಾಡ್ತಾಳೇನು?" ಎಂದು ತಂದವನ ಬಾಯಲ್ಲಿ ಹೇಳಿಕಳಿಸಿದ್ದಳು. ಮೊಳಕಾಲಿನಲ್ಲಿ ಹರಿದಿತ್ತು. ಕಾಲುಗಳನ್ನು ಕತ್ತರಿಸಿದೆ. ಸೊಂಟದ ಭಾಗವನ್ನು ಕೆಳಗೆ ಹೊಲಿದರೆ ಅದೇ ಚೀಲ. ಜೇಬುಗಳು ಇದ್ದಲ್ಲೇ ಇವೆ. ಕಾಲಿನ ಬಟ್ಟೆಯಲ್ಲಿ ಹೆಗಲ ಪಟ್ಟಿ ಮಾಡಿದೆ. ದಪ್ಪ ಹೊಲಿಗೆಯ ಮೇಲೆ ಸೂಜಿ ಪಟ್ಟನೆ ಮುರಿಯಿತು, ಇನ್ನೊಂದು ಹಾಕಿದೆ. ಒಳಗಿನ ಅಸ್ತರಿಗೆ ಗುಳೇದಗುಡ್ಡದ ಕೆಂಪು ಖಣದ ಬಟ್ಟೆ. ಉಡಿಗೆ ಹಾಕುವ ಖಣವನ್ನೇ ಹೊಲಿದುಬಿಟ್ಟಿದ್ದೇನೆ, ಇನ್ನು ಯಾರು ಹಿಂದಕ್ಕೆ ಎಳೆದುಕೊಳ್ಳುತ್ತಾರೋ ನೋಡೋಣ.

ನಿನ್ನೆ ಚೀಲಕ್ಕೆ ಅಕ್ಕಿ ಹಾಕುತ್ತಿದ್ದೆ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಪಕ್ಕದಲ್ಲಿದ್ದವು. ಅದೇ ಹೊತ್ತಿಗೆ ರಾಮವ್ವ ತನ್ನ ಬ್ಲೌಸ್ ಒಯ್ಯಲು ಬಂದಳು.

"ಏನ ಚನ್ನವ್ವಾ, ಪ್ಯಾಂಟಿನ್ಯಾಗ ಉಡಿ ತುಂಬಾಕ ಹತ್ತಿಯಲ್ಲ! ತಲಿ ಗಿಲಿ ಕೆಟ್ಟೈತೇನು?"

"ಸೀರಿ ಸೆರಗಿನ್ಯಾಗ ನೀವು ತುಂಬಲಿಲ್ಲಲ್ರೀ ಅಕ್ಕಾರ, ಅದಕ್ಕ."

"ಆತು, ಆದ್ರ ನೀ ತುಂಬಿದ್ರ ನಡೀತೈತೇನು?"

"ನನ್ನ ಮಗಳು, ನನ್ನ ಅಕ್ಕಿ. ನಿಮ್ಮ ಬ್ಲೌಸ್ ಅಲ್ಲೈತಿ ನೋಡ್ರಿ, ತಗೋರಿ."

ಅವಳು ಬ್ಲೌಸನ್ನು ಕಂಕುಳಲ್ಲಿ ಇಟ್ಟುಕೊಂಡಳು. ಚಹಾ ಕೂಡ ಕುಡಿಯದೆ ಹೋದಳು, ನಾನೂ ಒತ್ತಾಯ ಮಾಡಲಿಲ್ಲ.

ಚೀಲವನ್ನು ನಿನ್ನ ತಮ್ಮ ಸಂಜುವಿನ ಕೈಯಲ್ಲಿ ಕಳಿಸಿದ್ದೇನೆ. ಅಕ್ಕಿಯನ್ನು ಪಾಯಸ ಮಾಡಿಕೊಂಡು ಉಣ್ಣು. ಆಮೇಲೆ ಆಸ್ಪತ್ರೆಯ ಕೆಲಸಕ್ಕೆ ಇದೇ ಚೀಲ ಹಾಕಿಕೊಂಡು ಹೋಗು. ರಾಮದುರ್ಗಕ್ಕೆ ಕೋರ್ಟಿನ ತಾರೀಖಿಗೆ ಹೋಗುವಾಗಲೂ ಇದೇ ಇರಲಿ. ನಿನ್ನ ಅತ್ತೆ ಗುರುತು ಹಿಡಿಯಲಿ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆ ಎತ್ತಿ ತಿರುಗು. ಸಿರಸಂಗಿಯ ದೇವಿ ಕಾಳವ್ವ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಚನ್ನವ್ವ

ತಾ.ಕ.: ನಿನ್ನ ಮದುವೆಯಲ್ಲಿ ನಿನ್ನನ್ನು ಕಳಿಸಿಕೊಡುವಾಗ ಉಡಿ ತುಂಬಿದವಳೂ ರಾಮವ್ವನೇ. ಅಷ್ಟರಲ್ಲಿ ನಿನ್ನಪ್ಪ ತೀರಿಕೊಂಡಿದ್ದರು. ಗಂಡನಿಲ್ಲದವಳ ಕೈ ತಾಗಬಾರದೆಂದು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದ್ದರು. "ಅವ್ವ ಎಲ್ಲಿ?" ಎಂದು ನೀನು ಕೇಳಿದ್ದು ಒಳಗೆ ನನಗೆ ಕೇಳಿಸಿತ್ತು. ಹಡೆದ ಮಗಳ ಉಡಿಯನ್ನು ನಾನು ಮೊದಲ ಸಲ ತುಂಬಿದ್ದು ನಿನ್ನೆ.