ಗೋಡೆ ಪಕ್ಕದ ಸಾಲು

ಅಪ್ಪಾ,

ಇವತ್ತು ಫ್ರಾನ್ಸಿನಿಂದ ಬಂದ ತಜ್ಞರೊಬ್ಬರು ನಮ್ಮ ದ್ರಾಕ್ಷಿ ತೋಟ ನೋಡಿದರು. ಗೋಡೆ ಪಕ್ಕದ ನಿನ್ನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು, ಹೂವನ್ನೇ ಬಹಳ ಹೊತ್ತು ನೋಡಿದರು.

“ಈ ಸಾಲಲ್ಲಿ ನೀವು ಮೆರ್ಲೋ ದ್ರಾಕ್ಷಿ ಅಂತ ಬೆಳೀತಿರೋದು ಮೆರ್ಲೋ ಅಲ್ಲಮ್ಮ, ಕಾರ್ಮೆನೆರ್. ನಮ್ಮಲ್ಲಿ ಸತ್ತೇಹೋಯ್ತು ಅಂದ್ಕೊಂಡಿದ್ದ ತಳಿ, ನಿಮ್ಮ ಚಿಲಿಯಲ್ಲಿ ಬೇರೆ ಹೆಸರಲ್ಲಿ ಬದುಕಿದೆ. ಇದು ತಡವಾಗಿ ಹಣ್ಣಾಗುತ್ತೆ. ಎಲೆ ಕೆಂಪಾಗೋವರೆಗೂ ಕೊಯ್ಯಬಾರ್ದು.”

“ಇದು ಯಾರಿಗೂ ಗೊತ್ತಿರಲಿಲ್ಲ,” ಎಂದೆ.

ನಮ್ಮ ಮೇಸ್ತ್ರಿ ನಿಕಾನೋರ್ ಟೋಪಿ ತೆಗೆದು ನೆಲ ನೋಡಿದ. “ಯಜಮಾನ್ರಿಗೆ ಹೆಸರು ಗೊತ್ತಿರ್ಲಿಲ್ಲ ಕಣಮ್ಮ. ಅಷ್ಟೇ.”

ಪ್ರತಿ ಸುಗ್ಗಿಯಲ್ಲೂ ನೀನು, “ಆ ಸೋಮಾರಿ ಸಾಲನ್ನ ಇನ್ನು ಮೂರು ವಾರ ಬಿಡೇ,” ಅನ್ನುತ್ತಿದ್ದೆ. ವೈನ್ ಮಾಡುವುದನ್ನು ಕಾಲೇಜಿನಲ್ಲಿ ಓದಿ ಬಂದವಳು ನಾನು. ನಗುತ್ತಿದ್ದೆ. ಆದರೂ ಅದೊಂದು ಸಾಲನ್ನು ನಿನ್ನ ಹಟಕ್ಕೆ ಬಿಡುತ್ತಿದ್ದೆ.

ಕಳೆದ ಏಪ್ರಿಲ್‌ನಲ್ಲಿ, ತಾಲ್ಕಾದ ಆಸ್ಪತ್ರೆಯಲ್ಲಿ, ನೀನು ಕೊನೆಯದಾಗಿ ಕೇಳಿದ್ದೂ ಅದನ್ನೇ. “ಎಲೆ ಕೆಂಪಾಯ್ತೇನೇ?”

“ಆಯ್ತಪ್ಪ. ನಾಳೆ ಕೊಯ್ತೀವಿ.”

ನೀನು ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದೆ.

ನೀನು ಆಸ್ಪತ್ರೆ ಸೇರಿದ ಮರುದಿನವೇ, ಎಲೆ ಇನ್ನೂ ಹಸಿರಾಗಿರುವಾಗಲೇ, ಆ ಸಾಲನ್ನು ನಾನು ಕೊಯ್ಸಿಬಿಟ್ಟಿದ್ದೆ.