ಕಾಲುವೆ ಪಕ್ಕದ ಬೊಡ್ಡೆ

ಸಂಗಮ, ಅನಂತನಾಗ್ ಜಿಲ್ಲೆ
ಅಕ್ಟೋಬರ್ ೧೨

ಪ್ರೀತಿಯ ತಮ್ಮ ಅಸದುಲ್ಲಾ,

ಹೇಗಿದ್ದೀಯ? ಝೂನಾಳ ಮೊಣಕಾಲು ನೋವು ಇಳಿಯಿತೇ? ಮಸರತ್‌ಳ ಕೂಸಿಗೆ ಹಲ್ಲು ಬಂತೇ? ಮೀರತ್ತಿನ ಧೂಳು ನಿನ್ನ ಎದೆಗೆ ಆಗುವುದಿಲ್ಲ. ಬ್ಯಾಟು ಕೀಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಪ್ಪ.

ಶ್ರೀನಗರದ ವಿಶ್ವವಿದ್ಯಾಲಯದಿಂದ ಶಾಯಿಸ್ತಾ ಎಂಬ ಹುಡುಗಿ ಬಂದಿದ್ದಳು. ನಮ್ಮ ವೀರ್ ಮರಗಳಿಗೂ (ಅವಳು ‘ವಿಲ್ಲೋ’ ಅನ್ನುತ್ತಾಳೆ) ಪಾಪ್ಲರ್‌ಗಳಿಗೂ ಇರುವ ನೆಂಟಸ್ತನದ ಗಂಟು ಬಿಡಿಸುವುದು ಅವಳ ಕೆಲಸ. ಸಿಕ್ಕಸಿಕ್ಕಲ್ಲಿ ಬೆರಕೆಯಾಗುವ ಮರಗಳಿವು, ಕಣ್ಣಳತೆಗೆ ಸಿಗುವುದಿಲ್ಲವಂತೆ. ಎಲೆ ಒಣಗಿಸಿ, ಅದರ ಜೀನುಗಳಲ್ಲಿ ಬೇಕಾದ ಕೆಲವು ನೂರನ್ನಷ್ಟೇ ಗಾಳ ಹಾಕಿ ಹಿಡಿದು ಓದುತ್ತಾರೆ. ಹತ್ತಿ ಹಾರಿಸಿ ಕೆಮ್ಮಿಸುತ್ತದೆಂದು ನಾವು ‘ರೂಸಿ’ ಎಂದು ಬೈಯುವ ಪಾಪ್ಲರ್ ರಷ್ಯಾ ಕಂಡೇ ಇಲ್ಲ, ಅಮೆರಿಕದ್ದಂತೆ! “ಇಷ್ಟು ವರ್ಷ ತಪ್ಪು ದೇಶಕ್ಕೆ ಬೈದ್ವಲ್ಲೋ ಕಾಕಾ” ಎಂದು ರೊಟ್ಟಿಯಂಗಡಿಯ ಮಮ್ಮ ನಕ್ಕಿದ್ದೇ ನಕ್ಕಿದ್ದು.

ತೊಗಟೆ ಅಗಿದು ಮರದ ಜಾತಿ ಹೇಳುವವನು ಊರಿಗೆ ನಾನೊಬ್ಬನೇ, ನಿನಗೆ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ ಮಸೀದಿಯ ಮುಂದೆ ನಿನ್ನ ಮರದ ತೊಗಟೆ ಅಗಿದು ಉಗಿದೆ. “ಇದು ಬ್ಯಾಟಿಗಾಗುವ ವಿಲಾಯತಿ ವೀರ್ ಅಲ್ಲ. ಬ್ಯಾಟ್ ಮಾಡ್ತಾನಂತೆ ಬ್ಯಾಟು, ಬುಟ್ಟಿ ಹೆಣಿ ಹೋಗೋ!” ಅಂದೆ. ನಿನಗೆ ‘ಬುಟ್ಟಿ ಅಸದ್’ ಎಂಬ ಹೆಸರು ಅಂಟಿತು. ಬ್ಯಾಟಿನ ಕಾರ್ಖಾನೆಯವರು ನಿನ್ನ ತೋಪಿನತ್ತ ತಿರುಗಿಯೂ ನೋಡಲಿಲ್ಲ. ನೀನು ಊರು ಬಿಟ್ಟ ಮೇಲೆ ನಿನ್ನ ಹನ್ನೊಂದೂ ಮರಗಳನ್ನು ನಾನೇ ಕಡಿಸಿ ಸೌದೆ ಮಾಡಿಸಿದೆ. ಎರಡು ಚಳಿಗಾಲ ಚೆನ್ನಾಗಿ ಉರಿದವು.

ಅವುಗಳಲ್ಲಿ ಕಾಲುವೆ ಪಕ್ಕದ ಒಂದು ಬೊಡ್ಡೆ ಮಾತ್ರ ಚಿಗುರಿತ್ತು. ಹುಡುಗಿ ಅದರ ಎಲೆಯನ್ನೂ ನನ್ನ ತೋಪಿನ ಎಲೆಯನ್ನೂ ಒಯ್ದಿದ್ದಳು. ಮೊನ್ನೆ ಬಂದು ಹೇಳಿದಳು, “ಎರಡೂ ಒಂದೇ ಕಾಕಾ, ಅಪ್ಪಟ ವಿಲಾಯತಿ.” ಅವಳು ಹೋದ ಮೇಲೆ ನನ್ನ ಮರದ ತೊಗಟೆ ಅಗಿದು ನೋಡಿದೆ. ಅದೇ ಕಹಿ. ಇಷ್ಟು ವರ್ಷದಲ್ಲಿ ನನ್ನದನ್ನು ಒಮ್ಮೆಯೂ ಅಗಿದಿರಲಿಲ್ಲ ತಮ್ಮಾ.

ಮಕ್ಕಳಿಗೆಲ್ಲ ನನ್ನ ಮುತ್ತು. ಖುದಾ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಸೋನಾವುಲ್ಲಾ

ಮರೆತಿದ್ದೆ: ಬೊಡ್ಡೆ ಯಾರದೆಂದು ಹುಡುಗಿ ಕೇಳಿದಳು. ಪ್ರವಾಹದಲ್ಲಿ ತೇಲಿಬಂದ ಕೊಂಬೆ ಬೇರುಬಿಟ್ಟದ್ದು ಎಂದೆ. ಜಮೀನು ನಿನ್ನ ಹೆಸರಲ್ಲಿರುವುದರಿಂದ, ಊರವರ ಮುಂದೆ ತನ್ನ ವರದಿ ಓದುವ ಮೊದಲು ನಿನ್ನನ್ನೂ ಕೇಳುತ್ತಾಳಂತೆ. ಕಾಲುವೆ ಪಕ್ಕ ನೀನು ಏನೂ ನೆಟ್ಟಿರಲಿಲ್ಲ ಎಂದು ಒಂದು ಸಾಲು ಬರೆದುಬಿಡು. ಈ ವಯಸ್ಸಲ್ಲಿ ಊರ ನಗೆಪಾಟಲಾಗಲು ನನ್ನಿಂದಾಗದು. ನಿನಗಾದರೆ ರೂಢಿಯಾಗಿದೆ. ಅವಳು ಬರುವ ಶುಕ್ರವಾರ ಓದುತ್ತಾಳೆ, ಬೇಗ ಬರೆ.