ಹನ್ನೊಂದು ಕ್ವಾರ್ಟರ್ಸ್

ಅಕ್ಟೋಬರ್ 29, 2018, ಬೆಳಿಗ್ಗೆ

ಬಸ್ಸಲ್ಲಿ ಮತ್ತೆ ಐವತ್ತು ಪುಟ. ಸ್ಟ್ರೀಟ್ಸ್‌ವಿಲ್ ಲೈಬ್ರರಿಯ ಬುಕ್ ಕ್ಲಬ್ಬಲ್ಲಿ ಈ ಸಲ ಹೊಸ ಅಮೆರಿಕನ್ ಕಾದಂಬರಿಗಳು. ವಿಷಯ: ಮನೆ. ನವೆಂಬರ್ ಹದಿನೇಳಕ್ಕೆ ಮಾತು ಶುರು ಮಾಡಬೇಕಾದವಳು ನಾನು! ಎರಡು ವರ್ಷ ಬಾಯಿ ಬಿಡದೆ ಕೂತವಳು... ಹೂಂ ಅಂದುಬಿಟ್ಟೆ. ನಾನು ಓದುತ್ತಿರುವ ಕಾದಂಬರಿಯಲ್ಲಿ ತಾಯಿ-ಮಗಳು ಮೋಟೆಲಿಂದ ಮೋಟೆಲಿಗೆ ಅಲೆಯುತ್ತಾರೆ. ಮನೆಯೇ ಇಲ್ಲ. ಏನು ಹೇಳಲಿ?

ನವೆಂಬರ್ 6, ಸಂಜೆ

ರೊಟ್ಟಿ ಬಡಿಯುತ್ತಾ ಅತ್ತೆಗೆ ಕಥೆ ಹೇಳಿದೆ. ಅವರು ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದು ಐದು ತಿಂಗಳು. ಊಟ, ಔಷಧಿ ಬಿಟ್ಟರೆ ನಮ್ಮಿಬ್ಬರಲ್ಲಿ ಮಾತೇ ಇರಲಿಲ್ಲ. ಮೋಟೆಲ್ ಬಿಡುವ ಮೊದಲು ಆ ತಾಯಿ ಕೋಣೆ ಗುಡಿಸುತ್ತಾಳೆ ಅಂದದ್ದೇ ತಡ—

"ಕಸಾ ಹೊಡೀಲಾರದ ಹೆಂಗ ಬಿಡ್ತಾಳ? ನಿಮ್ಮ ಮಾವಾರು ರೈಲ್ವೆದಾಗ ಇದ್ರಲ್ಲ, ಹನ್ನೊಂದು ಕ್ವಾರ್ಟರ್ಸ್ ಬಿಟ್ಟೀನಿ ನಾ. ಹನ್ನೊಂದೂ ಒರಸೇ ಬಿಟ್ಟೀನಿ. ಇದ್ದಷ್ಟು ದಿನ ಅವೂ ನಮ್ಮ ಮನೀನ ಅಲ್ಲೇನು?"

ಹಿಟ್ಟಿನ ಕೈಯಲ್ಲೇ ಓಡಿ ಬರೆದುಕೊಂಡೆ. ಸಿಕ್ಕಿತು! ಅತ್ತೆ ಬಿಡುತ್ತಿಲ್ಲ: "ಮುಂದ ಏನಾತು, ಹೇಳವಾ."

ನವೆಂಬರ್ 17, ಮಧ್ಯಾಹ್ನ

ಈಗಷ್ಟೇ ಬುಕ್ ಕ್ಲಬ್ಬಿಂದ ಬಂದೆವು. ಅತ್ತೆಯನ್ನೂ ಕರೆದೊಯ್ದೆ. "ಅವ್ವಗ ಇಂಗ್ಲಿಷ್ ಬರೂದಿಲ್ಲ, ಬೋರ್ ಆಗ್ತದ" ಅನ್ನುತ್ತಲೇ ನನ್ನ ಗಂಡ ಈರೇಶ ಕಾರು ತೆಗೆದ. ಅಲ್ಲಿ ಹಿಂದಿನ ಸಾಲಲ್ಲಿ ಫೋನ್ ಹಿಡಿದು ಕೂತ.

ಎರಡನೇ ವಾಕ್ಯಕ್ಕೇ ತಡವರಿಸಿದೆ, ಬರೆದುಕೊಂಡ ಸಾಲು ಹುಡುಕುತ್ತಾ ಪುಟ ತಿರುವಿದೆ. ಇಪ್ಪತ್ತು ಜನ ನೋಡುತ್ತಿದ್ದಾರೆ. ಅತ್ತೆ ಎದ್ದು ನಿಂತರು!

"ನಾ ಹೇಳ್ತೀನಿ. ನೀ ಇಂಗ್ಲಿಷ್‌ನಾಗ ಹೇಳು."

ಹೇಳಿದರು. ಹೇಳಿದೆ. ಸಾಮಾನು ಲಾರಿಗೇರಿದ ಮೇಲೆ ಖಾಲಿ ಕೋಣೆಯಲ್ಲಿ ನಾಲ್ಕು ವರ್ಷದ ಈರೇಶ ಬಿಕ್ಕಿದ್ದು, ಅವನ ಕೈಯಿಂದಲೇ ಬೀಗ ಹಾಕಿಸಿದ್ದು... ತಡವರಿಕೆ ಯಾವಾಗ ಬಿಟ್ಟಿತೋ ಗೊತ್ತಿಲ್ಲ. ಕಾದಂಬರಿಯ ತಾಯಿ-ಮಗಳಿಗೆ ಮನೆಯೇ ಇಲ್ಲ ಎಂದು ಒಬ್ಬರು ವಾದಿಸಿದಾಗ ನಾನೂ ಬಿಡಲಿಲ್ಲ— ಆ ತಾಯಿ ಪ್ರತಿ ಕೋಣೆಯನ್ನೂ ಮನೆ ಮಾಡಿಯೇ ಬಿಡುತ್ತಾಳೆ ಅಂದೆ. ಜೋರಾಗಿಯೇ! ಒಂದೂವರೆ ಗಂಟೆ ಹೋದದ್ದೇ ತಿಳಿಯಲಿಲ್ಲ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದ ಈರೇಶ ಕ್ವೀನ್ ಸ್ಟ್ರೀಟ್ ಸಿಗ್ನಲಲ್ಲಿ ಕೇಳಿದ: "ಅವ್ವಾ, ನನಗ ಸ್ವಂತ ಊರಂಬೋದಽ ಇಲ್ಲಂತ ಎಲ್ಲಾರಿಗೂ ಹೇಳ್ಕೋತ ಬಂದೀನಿ. ನಾ ಅತ್ತಿದ್ದು ಯಾವ ಮನ್ಯಾಗ?"

"ಗದಗಿಂದು. ಮೂರನೇದು."

ಅವನು ಕಣ್ಣೊರೆಸಿಕೊಂಡ. ಹಿಂದಿನ ಕಾರು ಹಾರ್ನ್ ಹೊಡೆಯಿತು.

ನವೆಂಬರ್ 18, ಬೆಳಿಗ್ಗೆ

ಕೆಳಗೆ ಜಗಳ. ಗದಗಿನ ಮನೆಯ ಕಿಟಕಿ ಹಳಿಯ ಕಡೆಗಿತ್ತು ಅಂತ ಅತ್ತೆ, ಬೇವಿನ ಮರದ ಕಡೆಗೆ ಅಂತ ಈರೇಶ. ಇಬ್ಬರಿಗೂ ನಗು. ಚಹಾ ಆರಿಹೋಗಿದೆ.

"ಹಾಳಿ ತೊಗೊಂಡ ಬಾರವಾ, ನಕ್ಷಾ ತೆಗದು ತೋರಸ್ತೀನಿ ಇವಗ!"

ಈ ಡೈರಿಯಲ್ಲಿ ಕೊನೆಯ ಪುಟಗಳು ಖಾಲಿಯಿವೆ. ಇದನ್ನೇ ಒಯ್ಯುತ್ತೇನೆ—